ಐ2ಸಿ ಬಸ್‌ನ ಅನುಕೂಲಗಳು ಮತ್ತು ತೊಡಕುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಐ2ಸಿ ಎಂದರೆ ಹಲವು ಚಿಪ್‌ಗಳು ಎರಡೇ ತಂತಿಗಳನ್ನು ಹಂಚಿಕೊಂಡು ಮಾತನಾಡುವ ಏರ್ಪಾಟು; ಹಾಗೆ ಹಂಚಿಕೊಂಡ ತಂತಿಗಳಿಗೆ ಬಸ್ ಎನ್ನುತ್ತಾರೆ. ಇದನ್ನು ಬಳಸುವವರಲ್ಲಿ ಹೆಚ್ಚಿನವರು ಲೈಬ್ರರಿಯೊಂದನ್ನು ಸೇರಿಸಿ, ವಿದ್ಯುತ್ ಮತ್ತು ಗ್ರೌಂಡ್ ಸೇರಿ ನಾಲ್ಕು ತಂತಿ ಜೋಡಿಸಿ, ಸೆನ್ಸರ್ ಓದತೊಡಗುತ್ತಾರೆ. ಮೇಜಿನ ಮೇಲೆ ಅದು ಚೆನ್ನಾಗಿಯೇ ನಡೆಯುತ್ತದೆ. ಸಾಧನ ಮೇಜಿನಿಂದ ಇಳಿದು ಕೆಲಸದ ಜಾಗಕ್ಕೆ ಹೋದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಅಂಕಿಗಳನ್ನು ಧಾರಾಳವಾಗಿ ಕೊಟ್ಟಿದ್ದೇನೆ, ಏಕೆಂದರೆ ಈ ಬಸ್ ವಿಷಯದಲ್ಲಿ ಲೆಕ್ಕ ಹಾಕದೆ ಆಡುವ ಮಾತು ಕೆಲಸಕ್ಕೆ ಬರುವುದಿಲ್ಲ.

ಐ2ಸಿ ಯಾರು ರೂಪಿಸಿದ್ದು, ಯಾವ ಕೆಲಸಕ್ಕೆ?

1982ರಲ್ಲಿ ಫಿಲಿಪ್ಸ್ ಕಂಪನಿ ರೂಪಿಸಿತು. ಟಿವಿಯಂಥ ಉಪಕರಣಗಳ ಒಳಗೆ, ಒಂದೇ ಬೋರ್ಡ್ ಮೇಲಿರುವ ಚಿಪ್‌ಗಳನ್ನು ಕಡಿಮೆ ತಂತಿಗಳಲ್ಲಿ ಜೋಡಿಸುವುದು ಆಗಿನ ಉದ್ದೇಶ. ಆ ಕಂಪನಿಯ ಸೆಮಿಕಂಡಕ್ಟರ್ ವಿಭಾಗ 2006ರಲ್ಲಿ ಬೇರೆಯಾಗಿ ಎನ್‌ಎಕ್ಸ್‌ಪಿ ಆಯಿತು. ಐ2ಸಿ ನಿಯಮಾವಳಿಯನ್ನು ಈಗಲೂ ಪ್ರಕಟಿಸುವುದು ಅದೇ ಸಂಸ್ಥೆ. ‘ಒಂದೇ ಬೋರ್ಡ್ ಮೇಲೆ’ ಎಂಬುದನ್ನು ನೆನಪಿಟ್ಟುಕೊಳ್ಳಿ. ಈ ಬಸ್ ಕುರಿತ ದೂರುಗಳಲ್ಲಿ ಎಷ್ಟೋ ಅದನ್ನು ಮೀರಿ ಬಳಸಿದ್ದರಿಂದ ಹುಟ್ಟಿದವು.

ಹಳೆಯ ಡೇಟಾಶೀಟ್‌ಗಳಲ್ಲಿ ಮಾಸ್ಟರ್, ಸ್ಲೇವ್ ಎಂದಿರುವುದನ್ನು ನಿಯಮಾವಳಿಯ 2021ರ ಆವೃತ್ತಿ ಕಂಟ್ರೋಲರ್ (ಮಾತು ಶುರುಮಾಡುವ ಚಿಪ್), ಟಾರ್ಗೆಟ್ (ಅದಕ್ಕೆ ಓಗೊಡುವ ಚಿಪ್) ಎಂದು ಬದಲಿಸಿದೆ. ಇಲ್ಲಿ ಹೊಸ ಹೆಸರುಗಳನ್ನೇ ಬಳಸಿದ್ದೇನೆ.

ಎರಡೇ ತಂತಿಯಲ್ಲಿ ಅಷ್ಟೊಂದು ಚಿಪ್‌ಗಳು ಒಂದಕ್ಕೊಂದು ಅಡ್ಡಬಾರದೆ ಹೇಗೆ ಮಾತನಾಡುತ್ತವೆ?

ತಂತಿಗಳು ಎರಡು: ದತ್ತಾಂಶಕ್ಕೆ ಎಸ್‌ಡಿಎ, ಪ್ರತಿ ಬಿಟ್ ಓದುವ ಕ್ಷಣ ಸೂಚಿಸುವ ಕ್ಲಾಕ್‌ಗೆ ಎಸ್‌ಸಿಎಲ್. ಯಾವ ಚಿಪ್ಪೂ ಈ ತಂತಿಗಳನ್ನು ಮೇಲಕ್ಕೆ, ಎಂದರೆ ಪೂರ್ಣ ವೋಲ್ಟೇಜ್ ಕಡೆಗೆ, ತಳ್ಳುವುದಿಲ್ಲ, ಗ್ರೌಂಡ್ ಕಡೆಗೆ ಎಳೆಯುತ್ತದೆ ಅಥವಾ ಕೈಬಿಡುತ್ತದೆ, ಅಷ್ಟೆ. ಓಪನ್ ಡ್ರೈನ್ ಎಂದರೆ ಇದೇ. ಎಲ್ಲರೂ ಕೈಬಿಟ್ಟಾಗ ತಂತಿಯನ್ನು ಮೇಲಕ್ಕೆ ಒಯ್ಯುವುದು ಪುಲ್‌ಅಪ್ ರೆಸಿಸ್ಟರ್. ಒಂದು ಚಿಪ್ ಎಳೆದರೂ ಸಾಕು, ತಂತಿ ಸೊನ್ನೆಯಾಗುತ್ತದೆ. ಎರಡು ಚಿಪ್ ಒಟ್ಟಿಗೆ ಎಳೆದರೂ ಏನೂ ಸುಡುವುದಿಲ್ಲ, ಏಕೆಂದರೆ ಎದುರು ಬದುರು ತಳ್ಳಾಟವೇ ಇಲ್ಲ.

ಕಂಟ್ರೋಲರ್ ಮೊದಲು ಆರಂಭದ ಸಂಕೇತ ಕೊಡುತ್ತದೆ: ಎಸ್‌ಸಿಎಲ್ ಮೇಲಿರುವಾಗಲೇ ಎಸ್‌ಡಿಎ ಕೆಳಗಿಳಿಯುತ್ತದೆ. ಆಮೇಲೆ 7 ಬಿಟ್‌ಗಳ ವಿಳಾಸ, ಓದುವುದೋ ಬರೆಯುವುದೋ ಎಂದು ಹೇಳುವ 1 ಬಿಟ್. ಆ ವಿಳಾಸದ ಚಿಪ್ ಇದ್ದರೆ ಒಂಬತ್ತನೆಯ ಕ್ಲಾಕ್‌ನಲ್ಲಿ ಎಸ್‌ಡಿಎಯನ್ನು ಕೆಳಗೆಳೆದು ಓಗೊಡುತ್ತದೆ. ಪ್ರತಿ ಬೈಟ್‌ಗೂ ಹೀಗೆ ಒಂಬತ್ತು ಕ್ಲಾಕ್ ಬೇಕು.

ಮುಂದೆ ಹೇಳುವ ಅನುಕೂಲಗಳಲ್ಲೂ ತೊಡಕುಗಳಲ್ಲೂ ಬಹುಪಾಲು ಈ ಒಂದು ಏರ್ಪಾಟಿನಿಂದಲೇ ಬಂದವು. ಎಳೆಯಬಹುದು, ತಳ್ಳುವಂತಿಲ್ಲ. ಇಷ್ಟು ಮನಸ್ಸಿಗೆ ಹತ್ತಿದರೆ ಉಳಿದದ್ದನ್ನು ನೀವೇ ಊಹಿಸಬಲ್ಲಿರಿ.

ದೊಡ್ಡ ಅನುಕೂಲ ಯಾವುದು?

ಪಿನ್‌ಗಳ ಉಳಿತಾಯ. ಚಿಪ್‌ಗಳನ್ನು ಜೋಡಿಸುವ ಇನ್ನೊಂದು ಬಸ್ ಆದ ಎಸ್‌ಪಿಐನಲ್ಲಿ ಹತ್ತು ಚಿಪ್ ಜೋಡಿಸಲು ಸಾಮಾನ್ಯವಾಗಿ ಮೂರು ಹಂಚಿಕೆಯ ತಂತಿಗಳ ಜೊತೆಗೆ ಹತ್ತು ಆಯ್ಕೆ ತಂತಿಗಳು ಬೇಕು. ಐ2ಸಿಯಲ್ಲಿ ಹತ್ತಕ್ಕೂ ಎರಡೇ. ಸಣ್ಣ ಮೈಕ್ರೊಕಂಟ್ರೋಲರ್ ಹಿಡಿದು ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು.

ಎರಡನೆಯದು ಓಗೊಡುವಿಕೆ. ಎಸ್‌ಪಿಐಯಲ್ಲಿ ತಂತಿ ಕಿತ್ತುಹೋಗಿದ್ದರೂ ಕಂಟ್ರೋಲರ್ ಬೈಟ್‌ಗಳನ್ನು ಕಳುಹಿಸುತ್ತಲೇ ಇರುತ್ತದೆ, ಕೇಳುವವರು ಇದ್ದಾರೋ ಇಲ್ಲವೋ ಎಂಬುದು ಪ್ರೋಟೊಕಾಲ್ ಮಟ್ಟದಲ್ಲಿ ತಿಳಿಯುವುದಿಲ್ಲ. ಐ2ಸಿಯಲ್ಲಿ ಮೊದಲ ಬೈಟ್‌ಗೇ ತಿಳಿಯುತ್ತದೆ. ಸಾಧನ ಶುರುವಾದ ಕೂಡಲೇ ಪ್ರತಿ ಸೆನ್ಸರ್ ಇದೆಯೇ ಎಂದು ಕೇಳಿ ನೋಡುವ ಪರೀಕ್ಷೆ ಬರೆಯುವುದು ಹತ್ತು ಸಾಲಿನ ಕೆಲಸ. ದಯವಿಟ್ಟು ಬರೆಯಿರಿ. ದುರಸ್ತಿಗೆ ಬರುವವರ ಗಂಟೆಗಟ್ಟಲೆ ಶ್ರಮ ಉಳಿಯುತ್ತದೆ.

ಮೂರನೆಯದನ್ನು ಹಲವರು ಗಮನಿಸುವುದಿಲ್ಲ. ಯಾರೂ ತಂತಿಯನ್ನು ಮೇಲಕ್ಕೆ ತಳ್ಳದಿರುವುದರಿಂದ 5 ವೋಲ್ಟ್ ಮತ್ತು 3.3 ವೋಲ್ಟ್ ಚಿಪ್‌ಗಳನ್ನು ಸೇರಿಸುವುದು ಸುಲಭ. ತಂತಿಗೊಂದು ಸಣ್ಣ ಮಾಸ್ಫೆಟ್ (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್), ಎರಡೂ ಬದಿಗೆ ಒಂದೊಂದು ರೆಸಿಸ್ಟರ್ ಇದ್ದರೆ ಎರಡೂ ದಿಕ್ಕಿನ ವೋಲ್ಟೇಜ್ ಹೊಂದಾಣಿಕೆ ಆಗಿಬಿಡುತ್ತದೆ. ಬಿಎಸ್ಎಸ್138 ಎಂಬ ಮಾಸ್ಫೆಟ್ ಇರುವ ಅಗ್ಗದ ಬೋರ್ಡ್‌ಗಳು ಮಾಡುವುದು ಇದನ್ನೇ.

ಇನ್ನು ಚಿಪ್‌ಗಳ ಲಭ್ಯತೆ. ತಾಪಮಾನ, ಒತ್ತಡ, ಗಡಿಯಾರ, ಮೆಮೊರಿ, ಪರದೆ, ಬ್ಯಾಟರಿ ಅಳತೆ, ಯಾವುದನ್ನು ಹುಡುಕಿದರೂ ಐ2ಸಿ ಮಾದರಿ ಸಿಗುತ್ತದೆ. ಎಚ್‌ಡಿಎಂಐ ಕೇಬಲ್‌ನಲ್ಲಿ ಪರದೆಯ ವಿವರ ಓದುವುದೂ ಐ2ಸಿ ಮೂಲಕವೇ.

ಪುಲ್‌ಅಪ್ ರೆಸಿಸ್ಟರ್ ಎಷ್ಟಿರಬೇಕು? ಎಲ್ಲರೂ 4.7 ಕಿಲೋಓಮ್ ಎನ್ನುತ್ತಾರಲ್ಲ?

ಸಣ್ಣ ಬೋರ್ಡ್, 100 ಕಿಲೋಹರ್ಟ್ಸ್ ಆದರೆ 4.7 ಸಾಮಾನ್ಯವಾಗಿ ನಡೆಯುತ್ತದೆ. ಅದಕ್ಕಿಂತ ಮುಂದೆ ಹೋಗುವವರು ಎರಡು ಮಿತಿಗಳ ನಡುವೆ ಎಷ್ಟು ಓಮ್ ಎಂದು ಆರಿಸಬೇಕು.

ಕೆಳಮಿತಿ: ಚಿಪ್ ತಂತಿಯನ್ನು ಎಳೆದಾಗ ರೆಸಿಸ್ಟರ್ ಮೂಲಕ ಬರುವ ಪ್ರವಾಹವನ್ನು ಅದು ತಾಳಿಕೊಳ್ಳಬೇಕು. 0.4 ವೋಲ್ಟ್‌ಗೆ ಇಳಿಸುವಾಗ 3 ಮಿಲಿಆಂಪಿಯರ್ ಎಂಬುದು ನಿಯಮಾವಳಿಯ ಲೆಕ್ಕ. 3.3 ವೋಲ್ಟ್‌ನಿಂದ 0.4 ಕಳೆದು 3 ಮಿಲಿಆಂಪಿಯರ್‌ನಿಂದ ಭಾಗಿಸಿದರೆ ಸುಮಾರು 967 ಓಮ್. 5 ವೋಲ್ಟ್ ಆದರೆ ಸುಮಾರು 1,530 ಓಮ್. ಇದಕ್ಕಿಂತ ಕಡಿಮೆ ಇಡಬಾರದು.

ಮೇಲ್ಮಿತಿ: ತಂತಿ, ಪಿನ್‌ಗಳೆಲ್ಲ ಸೇರಿ ಒಂದಷ್ಟು ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ಇರುತ್ತದೆ. ಚಿಪ್ ಕೈಬಿಟ್ಟಾಗ ರೆಸಿಸ್ಟರ್ ಅದನ್ನು ತುಂಬಿಸಿ ತಂತಿಯನ್ನು ಮೇಲೆ ತರಬೇಕು. ಏರಿಕೆಯ ಸಮಯ ಸುಮಾರು 0.85 × ರೆಸಿಸ್ಟೆನ್ಸ್ × ಕೆಪಾಸಿಟೆನ್ಸ್. 100 ಕಿಲೋಹರ್ಟ್ಸ್‌ನಲ್ಲಿ ಇದಕ್ಕೆ 1,000 ನ್ಯಾನೋಸೆಕೆಂಡ್ ಅವಕಾಶವಿದೆ, 400 ಕಿಲೋಹರ್ಟ್ಸ್‌ನಲ್ಲಿ 300 ಮಾತ್ರ. ಬಸ್‌ನಲ್ಲಿ 100 ಪೈಕೋಫ್ಯಾರಡ್ ಇದೆ ಎನ್ನಿ. 4.7 ಕಿಲೋಓಮ್ ಇಟ್ಟರೆ ಏರಲು ಸುಮಾರು 400 ನ್ಯಾನೋಸೆಕೆಂಡ್ ಬೇಕು. ನಿಧಾನದ ವೇಗಕ್ಕೆ ಸರಿ, 400 ಕಿಲೋಹರ್ಟ್ಸ್‌ಗೆ ಸರಿಯಲ್ಲ. ಅಲ್ಲಿ 3.5 ಕಿಲೋಓಮ್‌ಗಿಂತ ಕಡಿಮೆ ಬೇಕು, ನಾನಾದರೆ 2.2 ಹಾಕುತ್ತೇನೆ.

ಇಲ್ಲೊಂದು ಬಲೆ ಇದೆ. ಮಾರುಕಟ್ಟೆಯ ಸಿದ್ಧ ಸೆನ್ಸರ್ ಬೋರ್ಡ್‌ಗಳಲ್ಲಿ ಹೆಚ್ಚಿನವು ತಮ್ಮದೇ ಪುಲ್‌ಅಪ್ ಹೊತ್ತು ಬರುತ್ತವೆ. 4.7 ಕಿಲೋಓಮ್‌ನ ಐದು ಬೋರ್ಡ್ ಒಂದೇ ಬಸ್‌ಗೆ ಸೇರಿದರೆ ರೆಸಿಸ್ಟರ್‌ಗಳು ಸಮಾನಾಂತರವಾಗಿ ಒಟ್ಟು 940 ಓಮ್ ಆಗುತ್ತವೆ. 3.3 ವೋಲ್ಟ್‌ನಲ್ಲೇ ಕೆಳಮಿತಿ ದಾಟಿತು. ನಾಲ್ಕು ಬೋರ್ಡ್ ಇದ್ದಾಗ ನಡೆಯುತ್ತಿತ್ತು, ಐದನೆಯದನ್ನು ಸೇರಿಸಿದಾಗ ಕೆಟ್ಟಿತು ಎಂಬ ದೂರು ಬಂದರೆ ಮೊದಲು ಈ ಲೆಕ್ಕ ಹಾಕಿ. ಹೆಚ್ಚಿನ ಬೋರ್ಡ್‌ಗಳಲ್ಲಿ ಆ ರೆಸಿಸ್ಟರ್‌ಗಳನ್ನು ತೆಗೆಯಬಹುದು ಅಥವಾ ಬೆಸುಗೆಯ ಕೊಂಡಿಯೊಂದನ್ನು ಕತ್ತರಿಸಿ ಬೇರ್ಪಡಿಸಬಹುದು.

ಮೈಕ್ರೊಕಂಟ್ರೋಲರ್ ಒಳಗಿನ ಪುಲ್‌ಅಪ್ ಸಾಲದೇ?

ಸಾಲದು. ಎವಿಆರ್ ಬಗೆಯ ಮೈಕ್ರೊಕಂಟ್ರೋಲರ್‌ಗಳಲ್ಲಿ ಅದು 20ರಿಂದ 50 ಕಿಲೋಓಮ್ ಇರುತ್ತದೆ. ಗಿಡ್ಡ ತಂತಿಯಲ್ಲಿ ನಡೆದಂತೆ ಕಾಣಬಹುದು, ನಂಬಬೇಡಿ.

ಎಷ್ಟು ದೂರದವರೆಗೆ ಎಳೆಯಬಹುದು?

ನಿಯಮಾವಳಿ ಮೀಟರ್ ಲೆಕ್ಕದಲ್ಲಿ ಹೇಳುವುದಿಲ್ಲ, ಕೆಪಾಸಿಟೆನ್ಸ್ ಲೆಕ್ಕದಲ್ಲಿ ಹೇಳುತ್ತದೆ: 100 ಮತ್ತು 400 ಕಿಲೋಹರ್ಟ್ಸ್‌ಗೆ ಗರಿಷ್ಠ 400 ಪೈಕೋಫ್ಯಾರಡ್. ಸಾಮಾನ್ಯ ಕೇಬಲ್ ಮೀಟರ್‌ಗೆ 50ರಿಂದ 100 ಪೈಕೋಫ್ಯಾರಡ್ ತರುತ್ತದೆ, ಪ್ರತಿ ಚಿಪ್‌ನ ಪಿನ್ 10ರವರೆಗೆ. ಹಾಗಾಗಿ ಒಂದೆರಡು ಮೀಟರ್ ಎಂಬುದು ಆರಾಮದ ಮಿತಿ. ವೇಗವನ್ನು 10 ಕಿಲೋಹರ್ಟ್ಸ್‌ಗೆ ಇಳಿಸಿ, ಸಂಕೇತಕ್ಕೆ ಬಲ ಕೊಡುವ ಬಫರ್ ಚಿಪ್ ಹಾಕಿ ಇನ್ನೂ ಹಿಗ್ಗಿಸಬಹುದು. ಆದರೆ ಮೋಟಾರ್ ಅಥವಾ ರಿಲೇ ಪಕ್ಕದಲ್ಲಿ ಹಾದುಹೋಗುವ ಕೇಬಲ್‌ಗೆ ನಾನು ಐ2ಸಿಯನ್ನು ಎಂದೂ ಸೂಚಿಸುವುದಿಲ್ಲ. ಮೇಲಿನ ಮಟ್ಟವನ್ನು ಒಂದು ರೆಸಿಸ್ಟರ್ ಮಾತ್ರ ಹಿಡಿದಿರುವ ತಂತಿಗೆ ಗದ್ದಲ ಸುಲಭವಾಗಿ ನುಗ್ಗುತ್ತದೆ, ಸುಳ್ಳು ಕ್ಲಾಕ್ ಮೂಡುತ್ತದೆ. ಅಲ್ಲಿಗೆ ಎರಡು ತಂತಿಗಳ ವ್ಯತ್ಯಾಸವನ್ನು ಓದುವ ಆರ್‌ಎಸ್-485 ಅಥವಾ ಕ್ಯಾನ್ ಬಸ್ ಸರಿ.

ಕೇಬಲ್ ಬಳಸಲೇಬೇಕಾದರೆ ಎಸ್‌ಡಿಎ, ಎಸ್‌ಸಿಎಲ್ ಅಕ್ಕಪಕ್ಕ ಓಡದಂತೆ ನಡುವೆ ಗ್ರೌಂಡ್ ತಂತಿ ಇಡಿ. ಅವೆರಡನ್ನೇ ಜೊತೆಗೆ ಹುರಿಗೊಳಿಸುವುದು ತಪ್ಪು. ಪ್ರತಿಯೊಂದನ್ನೂ ಗ್ರೌಂಡ್ ಅಥವಾ ವಿದ್ಯುತ್ ತಂತಿಯ ಜೊತೆ ಹುರಿಗೊಳಿಸಬೇಕು.

400 ಕಿಲೋಹರ್ಟ್ಸ್ ಎಂದರೆ ನಿಜವಾಗಿ ಎಷ್ಟು ವೇಗ?

ಹೆಸರಿನಲ್ಲಿರುವಷ್ಟಿಲ್ಲ. ಸೆನ್ಸರ್‌ನ ಒಂದು ರಿಜಿಸ್ಟರ್ (ಒಳಗಿನ ಮೆಮೊರಿಯ ಖಾನೆ) ಓದಲು ವಿಳಾಸ ಕಳುಹಿಸಬೇಕು, ರಿಜಿಸ್ಟರ್ ಸಂಖ್ಯೆ ಕಳುಹಿಸಬೇಕು, ಮತ್ತೆ ಆರಂಭದ ಸಂಕೇತ ಕೊಟ್ಟು ವಿಳಾಸ ಕಳುಹಿಸಬೇಕು, ಆಮೇಲೆ ಒಂದು ಬೈಟ್ ಬರುತ್ತದೆ. 8 ಬಿಟ್ ಮಾಹಿತಿಗೆ ಸುಮಾರು 39 ಕ್ಲಾಕ್‌ಗಳಷ್ಟು ಕಾಲ ಖರ್ಚು.

ಇದಕ್ಕೆ ಪರಿಹಾರ ಒಂದೇ ಸಲಕ್ಕೆ ಸಾಲಾಗಿ ಓದುವುದು. ಚಲನೆಯ ಸೆನ್ಸರ್‌ನ ಮೂರು ಅಕ್ಷಗಳ ಆರು ಬೈಟ್‌ಗಳನ್ನು ಒಂದೊಂದಾಗಿ ಓದಿದರೆ 400 ಕಿಲೋಹರ್ಟ್ಸ್‌ನಲ್ಲಿ ಸುಮಾರು 0.6 ಮಿಲಿಸೆಕೆಂಡ್, ಒಟ್ಟಿಗೆ ಓದಿದರೆ ಸುಮಾರು 0.2. ಸಮಯಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಒಂದೊಂದಾಗಿ ಓದುವಾಗ ನಡುವೆ ಸೆನ್ಸರ್ ಹೊಸ ಅಳತೆ ಹಾಕಿದರೆ ಹಳೆಯ ಮೇಲಿನ ಬೈಟ್‌ಗೆ ಹೊಸ ಕೆಳಗಿನ ಬೈಟ್ ಅಂಟಿಕೊಂಡು ಅಸಂಬದ್ಧ ಸಂಖ್ಯೆ ಬರುತ್ತದೆ. ಸಾಲಾಗಿ ಓದಿದರೆ ಬಹುತೇಕ ಸೆನ್ಸರ್‌ಗಳು ಒಂದೇ ಕ್ಷಣದ ಅಳತೆಯನ್ನು ಕೊಡುತ್ತವೆ.

128×64 ಚುಕ್ಕೆಗಳ ಸಣ್ಣ ಒಎಲ್‌ಇಡಿ ಪರದೆಗೆ 1,024 ಬೈಟ್ ಬೇಕು. 100 ಕಿಲೋಹರ್ಟ್ಸ್‌ನಲ್ಲಿ ಒಂದು ಚಿತ್ರಕ್ಕೆ 92 ಮಿಲಿಸೆಕೆಂಡ್, 400ರಲ್ಲಿ 23. ಅದೇ ಪರದೆಗೆ 8 ಮೆಗಾಹರ್ಟ್ಸ್ ಎಸ್‌ಪಿಐ ಸುಮಾರು 1 ಮಿಲಿಸೆಕೆಂಡ್‌ನಲ್ಲಿ ಮುಗಿಸುತ್ತದೆ. ಅಂಕಿ ತೋರಿಸಲು ಐ2ಸಿ ಸಾಕು, ಚಲಿಸುವ ಚಿತ್ರಕ್ಕೆ ಬೇಡ.

1 ಮೆಗಾಹರ್ಟ್ಸ್‌ನ ಫಾಸ್ಟ್ ಮೋಡ್ ಪ್ಲಸ್, 3.4 ಮೆಗಾಹರ್ಟ್ಸ್‌ನ ಹೈ ಸ್ಪೀಡ್ ಮೋಡ್ ನಿಯಮಾವಳಿಯಲ್ಲಿವೆ. ಎರಡನೆಯದನ್ನು ಬೆಂಬಲಿಸುವ ಮೈಕ್ರೊಕಂಟ್ರೋಲರ್‌ಗಳು ವಿರಳ.

ಒಂದೇ ವಿಳಾಸದ ಎರಡು ಚಿಪ್ ಬಂದರೆ?

ಬಂದೇ ಬರುತ್ತವೆ. 7 ಬಿಟ್‌ನಲ್ಲಿ 128 ವಿಳಾಸಗಳಿದ್ದರೂ 16 ಕಾಯ್ದಿರಿಸಲ್ಪಟ್ಟಿವೆ, ಉಳಿಯುವುದು 112. ಚಿಪ್‌ಗಳ ಬಗೆಗಳೋ ಸಾವಿರಾರು. ಡಿಎಸ್3231 ಗಡಿಯಾರದ ವಿಳಾಸ ಹೆಕ್ಸ್ 68 (ಹೆಕ್ಸ್ ಎಂದರೆ ಹದಿನಾರರ ಎಣಿಕೆ, ಮುಂದಿನ ವಿಳಾಸಗಳೆಲ್ಲ ಅದರಲ್ಲೇ), ಎಂಪಿಯು6050 ಚಲನೆಯ ಸೆನ್ಸರ್‌ನದೂ ಮೂಲತಃ ಹೆಕ್ಸ್ 68. ಎರಡನ್ನೂ ಹಾಗೆಯೇ ಜೋಡಿಸಿದರೆ ಒಂದನ್ನು ಕರೆದಾಗ ಎರಡೂ ಓಗೊಡುತ್ತವೆ.

ಬಿಡಿಸಿಕೊಳ್ಳುವ ದಾರಿಗಳು ಹಲವು. ಹೆಚ್ಚಿನ ಚಿಪ್‌ಗಳಲ್ಲಿ ವಿಳಾಸ ಬದಲಿಸುವ ಪಿನ್ ಇರುತ್ತದೆ: ಎಂಪಿಯು6050 ಆದರೆ ಆ ಪಿನ್ ಮೇಲೆಳೆದರೆ 69 ಆಗುತ್ತದೆ. ವಿಎಲ್53ಎಲ್0ಎಕ್ಸ್ ದೂರಮಾಪಕಕ್ಕೆ ಅಂಥ ಪಿನ್ ಇಲ್ಲ, ಎಲ್ಲವೂ 29ರಲ್ಲೇ ಏಳುತ್ತವೆ. ಎಲ್ಲವನ್ನೂ ಮಲಗಿಸಿ, ಒಂದೊಂದನ್ನೇ ಎಬ್ಬಿಸಿ, ಸಾಫ್ಟ್‌ವೇರ್‌ನಿಂದ ಹೊಸ ವಿಳಾಸ ಕೊಡಬೇಕು. ವಿದ್ಯುತ್ ಹೋಗಿ ಬಂದಾಗ ಮತ್ತೆ ಇದೇ ಕೆಲಸ. ಇನ್ನೊಂದು ಉಪಾಯ ಟಿಸಿಎ9548ಎ ಎಂಬ ಮಲ್ಟಿಪ್ಲೆಕ್ಸರ್, ಒಂದು ಬಸ್ಸನ್ನು ಎಂಟು ಕವಲುಗಳಾಗಿ ಒಡೆಯುತ್ತದೆ. ಅದರದೇ ವಿಳಾಸ 70ರಿಂದ 77ರ ನಡುವೆ ಇರುವುದರಿಂದ, 76 ಅಥವಾ 77ರಲ್ಲಿ ಕೂರುವ ಬಿಎಂಇ280ಯಂಥ ಸೆನ್ಸರ್ ಇದ್ದರೆ ಮಲ್ಟಿಪ್ಲೆಕ್ಸರನ್ನು ಕೆಳಗಿನ ಸಂಖ್ಯೆಗೆ ಇಡಿ.

ಚಿಪ್ ಕೊಳ್ಳುವ ಮೊದಲೇ ವಿಳಾಸಗಳ ಪಟ್ಟಿ ಬರೆದುಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ಪರಿಹಾರ.

ಡೇಟಾಶೀಟ್ ಹೆಕ್ಸ್ 90 ಎನ್ನುತ್ತದೆ, ಉದಾಹರಣೆ ಕೋಡ್ 48 ಎನ್ನುತ್ತದೆ. ಯಾವುದು ಸರಿ?

ಎರಡೂ ಒಂದೇ. 48 ಎಂಬುದು 7 ಬಿಟ್ ವಿಳಾಸ. ಅದನ್ನು ಒಂದು ಸ್ಥಾನ ಎಡಕ್ಕೆ ಸರಿಸಿ, ಓದು-ಬರಹದ ಬಿಟ್ ಸೇರಿಸಿದರೆ ಬರೆಯಲು 90, ಓದಲು 91. ಆರ್ಡುಯಿನೋ 7 ಬಿಟ್ ರೂಪ ಕೇಳುತ್ತದೆ, ಎಸ್‌ಟಿಎಂ32ರ ಎಚ್‌ಎಎಲ್ ಲೈಬ್ರರಿ ಸರಿಸಿದ ರೂಪ ಕೇಳುತ್ತದೆ.

ಸಾಧನ ವಾರಗಟ್ಟಲೆ ಸರಿಯಾಗಿದ್ದು ಒಮ್ಮೆಲೇ ನಿಂತುಬಿಡುತ್ತದೆ. ರೀಸೆಟ್ ಒತ್ತಿದರೂ ಏಳುವುದಿಲ್ಲ, ವಿದ್ಯುತ್ ತೆಗೆದು ಹಾಕಿದರೆ ಸರಿ. ಏಕೆ?

ಐ2ಸಿಯ ತೊಡಕುಗಳಲ್ಲಿ ನನಗೆ ಅತ್ಯಂತ ಗಂಭೀರ ಎನಿಸುವುದು ಇದೇ. ಕಂಟ್ರೋಲರ್ ಸೆನ್ಸರನ್ನು ಓದುತ್ತಿರುತ್ತದೆ. ಸೆನ್ಸರ್ ಸೊನ್ನೆಯೊಂದನ್ನು ಕಳುಹಿಸಲು ಎಸ್‌ಡಿಎಯನ್ನು ಕೆಳಗೆ ಹಿಡಿದಿರುತ್ತದೆ. ಸರಿಯಾಗಿ ಆ ಕ್ಷಣದಲ್ಲಿ ಕಂಟ್ರೋಲರ್ ರೀಸೆಟ್ ಆಗುತ್ತದೆ. ಸೆನ್ಸರ್‌ಗೆ ಅದು ತಿಳಿಯದು, ಮುಂದಿನ ಕ್ಲಾಕ್‌ಗಾಗಿ ಕಾಯುತ್ತಲೇ ಇರುತ್ತದೆ. ಎದ್ದು ಬಂದ ಕಂಟ್ರೋಲರ್ ಎಸ್‌ಡಿಎ ಕೆಳಗಿರುವುದನ್ನು ಕಂಡು ಬಸ್ ಬಿಡುವಿಲ್ಲ ಎಂದುಕೊಳ್ಳುತ್ತದೆ, ಅದೂ ಕಾಯುತ್ತದೆ. ಮೂಲ ಐ2ಸಿಯಲ್ಲಿ ಸಮಯಮಿತಿ ಎಂಬುದಿಲ್ಲ, ಆದ್ದರಿಂದ ಈ ಕಾಯುವಿಕೆಗೆ ಕೊನೆಯೂ ಇಲ್ಲ. ಪ್ರೋಗ್ರಾಂ ಸಿಕ್ಕಿಬಿದ್ದರೆ ತಾನಾಗಿ ರೀಸೆಟ್ ಮಾಡುವ ವಾಚ್‌ಡಾಗ್ ಇದ್ದರೂ ಪ್ರಯೋಜನವಿಲ್ಲ: ಅದು ರೀಸೆಟ್ ಮಾಡುವುದು ಕಂಟ್ರೋಲರನ್ನು, ತಂತಿ ಹಿಡಿದು ಕುಳಿತಿರುವುದು ಸೆನ್ಸರ್.

ಪರಿಹಾರ ನಿಯಮಾವಳಿಯಲ್ಲೇ ಇದೆ. ಫರ್ಮ್‌ವೇರ್ ಶುರುವಾದಾಗ, ಐ2ಸಿ ಘಟಕವನ್ನು ಚಾಲೂ ಮಾಡುವ ಮೊದಲು, ಎಸ್‌ಡಿಎ ಕೆಳಗಿದೆಯೇ ನೋಡಿ. ಇದ್ದರೆ ಎಸ್‌ಸಿಎಲ್ ಪಿನ್ನನ್ನು ಸಾಮಾನ್ಯ ಓಪನ್ ಡ್ರೈನ್ ಪಿನ್ ಆಗಿ ಬಳಸಿ ಒಂಬತ್ತು ಕ್ಲಾಕ್‌ಗಳನ್ನು ಕೊಡಿ. ಸೆನ್ಸರ್ ತನ್ನ ಉಳಿದ ಬಿಟ್‌ಗಳನ್ನು ಹೊರಹಾಕಿ, ಓಗೊಡುವಿಕೆ ಸಿಗದೆ, ತಂತಿ ಬಿಡುತ್ತದೆ. ಆಮೇಲೆ ಮುಕ್ತಾಯದ ಸಂಕೇತ ಕೊಟ್ಟು ಐ2ಸಿ ಘಟಕ ಚಾಲೂ ಮಾಡಿ. ಕೆಲಸದ ನಡುವೆ ಪ್ರತಿ ವ್ಯವಹಾರಕ್ಕೂ ಸಮಯಮಿತಿ ಇರಲಿ, ಮೀರಿದರೆ ಇದೇ ಕ್ರಮ ಓಡಲಿ.

ಇದಕ್ಕೂ ಬಗ್ಗದ ಚಿಪ್‌ಗಳಿವೆ. ಎಸ್‌ಸಿಎಲ್ಲನ್ನೇ ಹಿಡಿದು ಕುಳಿತ ಚಿಪ್‌ಗೆ ಕ್ಲಾಕ್ ಕೊಡುವುದು ಹೇಗೆ? ಯಾರೂ ಕೈಯಿಂದ ಮುಟ್ಟಲಾಗದ ಜಾಗಕ್ಕೆ ಹೋಗುವ ಸಾಧನವಾದರೆ ಸೆನ್ಸರ್‌ಗಳ ವಿದ್ಯುತ್ತನ್ನು ಕಂಟ್ರೋಲರ್ ತಾನೇ ಕಡಿದು ಕೊಡುವಂತೆ ಒಂದು ಮಾಸ್ಫೆಟ್ ಇಡಿ. ಪುಲ್‌ಅಪ್‌ಗಳನ್ನೂ ಆ ಕಡಿಯುವ ವಿದ್ಯುತ್ತಿಗೇ ಜೋಡಿಸಿ, ವಿದ್ಯುತ್ ಕಡಿದಿರುವಷ್ಟು ಹೊತ್ತು ಕಂಟ್ರೋಲರ್‌ನ ಎರಡೂ ಪಿನ್‌ಗಳನ್ನು ಕೆಳಗಿಡಿ. ಇಲ್ಲದಿದ್ದರೆ ಎಸ್‌ಡಿಎ ಮತ್ತು ಎಸ್‌ಸಿಎಲ್ ಮೂಲಕ ಸೆನ್ಸರ್ ಅರೆಜೀವದಲ್ಲಿ ಉಳಿದು ರೀಸೆಟ್ ಆಗುವುದೇ ಇಲ್ಲ.

ಐ2ಸಿಯ ಹತ್ತಿರದ ನೆಂಟ ಎಸ್‌ಎಂಬಸ್ ಈ ಕೊರತೆಯನ್ನು ಮೊದಲೇ ಕಂಡಿತ್ತು. ಅಲ್ಲಿ ಕಂಟ್ರೋಲರ್ 35 ಮಿಲಿಸೆಕೆಂಡ್ ಕ್ಲಾಕನ್ನು ಕೆಳಗೆ ಹಿಡಿದರೆ ಟಾರ್ಗೆಟ್‌ಗಳು ಎಲ್ಲವನ್ನೂ ಬಿಟ್ಟು ಮೊದಲ ಸ್ಥಿತಿಗೆ ಮರಳಬೇಕು.

ಕ್ಲಾಕ್ ಸ್ಟ್ರೆಚಿಂಗ್ ಅನುಕೂಲವೋ ತೊಡಕೋ?

ತತ್ವದಲ್ಲಿ ಅನುಕೂಲ. ಟಾರ್ಗೆಟ್‌ಗೆ ಸಮಯ ಬೇಕಾದಾಗ ಅದು ಎಸ್‌ಸಿಎಲ್ಲನ್ನು ಕೆಳಗೆ ಹಿಡಿದು ಕಂಟ್ರೋಲರನ್ನು ಕಾಯಿಸುತ್ತದೆ. ಆಚರಣೆಯಲ್ಲಿ ಎಲ್ಲ ಕಂಟ್ರೋಲರ್‌ಗಳೂ ಇದನ್ನು ಸರಿಯಾಗಿ ಪಾಲಿಸುವುದಿಲ್ಲ. ಮೊದಲ ರಾಸ್ಪ್‌ಬೆರಿ ಪೈನ ಬಿಸಿಎಂ2835 ಚಿಪ್‌ನಲ್ಲಿ ಸ್ಟ್ರೆಚಿಂಗ್ ದೋಷ ಚಿರಪರಿಚಿತ. ಬಿಎನ್ಒ055ರಂಥ ಸೆನ್ಸರ್‌ಗಳು ಕ್ಲಾಕನ್ನು ಹಿಡಿದಾಗ ಅಲ್ಲಿ ತಪ್ಪು ಬೈಟ್‌ಗಳು ಬರುತ್ತವೆ. ವೇಗ ಇಳಿಸುವುದು ಅಥವಾ ಸಾಫ್ಟ್‌ವೇರ್‌ನಲ್ಲೇ ಪಿನ್ ಆಡಿಸುವ ಐ2ಸಿ ಬಳಸುವುದು ರೂಢಿಯ ಪರಿಹಾರ.

ಓಗೊಡುವಿಕೆ ಬಂದರೆ ಡೇಟಾ ಸರಿಯಾಗಿ ತಲುಪಿತು ಎಂದರ್ಥವೇ?

ಅಲ್ಲ. ಯಾರೋ ಎಂಟು ಬಿಟ್ ಪಡೆದರು ಎಂದಷ್ಟೇ ಅರ್ಥ. ಆ ಬಿಟ್‌ಗಳು ನೀವು ಕಳುಹಿಸಿದವೇ ಎಂದು ಪರೀಕ್ಷಿಸುವ ಏರ್ಪಾಟು ಮೂಲ ಐ2ಸಿಯಲ್ಲಿಲ್ಲ: ಪ್ಯಾರಿಟಿ ಇಲ್ಲ, ಸಿಆರ್‌ಸಿ ಇಲ್ಲ (ಎರಡೂ ತಪ್ಪು ಪತ್ತೆಗೆಂದು ಡೇಟಾದಿಂದ ಲೆಕ್ಕಹಾಕಿ ಸೇರಿಸುವ ಬಿಟ್‌ಗಳು). ಎಸ್‌ಎಚ್‌ಟಿ31 ತೇವಾಂಶ ಸೆನ್ಸರ್ ಪ್ರತಿ ಎರಡು ಬೈಟ್‌ಗೆ 8 ಬಿಟ್ ಸಿಆರ್‌ಸಿ ತಾನೇ ಕಳುಹಿಸುತ್ತದೆ. ಬೇಗ ಮುಗಿಸುವ ಆತುರದಲ್ಲಿ ಅದನ್ನು ಓದಿ ಎಸೆಯುವ ಕೋಡ್ ಎಷ್ಟೋ ಇದೆ. ಎಸೆಯಬೇಡಿ, ಪರೀಕ್ಷಿಸಿ. ಅಂಥ ಸೌಲಭ್ಯವಿಲ್ಲದ ಚಿಪ್‌ಗೆ ಮುಖ್ಯ ಸೆಟ್ಟಿಂಗ್ ಬರೆದ ಮೇಲೆ ಮತ್ತೆ ಓದಿ ಹೋಲಿಸಿ.

ಓಗೊಡದಿರುವುದು ಯಾವಾಗಲೂ ದೋಷವೂ ಅಲ್ಲ. ವಿದ್ಯುತ್ ಹೋದರೂ ಮರೆಯದ ಮೆಮೊರಿಯಾದ ಇಇಪ್ರಾಮ್ ಚಿಪ್‌ಗಳು ಬರೆದದ್ದನ್ನು ಒಳಗೆ ಉಳಿಸಿಕೊಳ್ಳುವ ಸುಮಾರು 5 ಮಿಲಿಸೆಕೆಂಡ್ ಓಗೊಡುವುದಿಲ್ಲ. ಓಗೊಡುವವರೆಗೆ ಕೇಳುತ್ತಿರುವುದೇ ಅಲ್ಲಿ ಸರಿಯಾದ ಕ್ರಮ.

ಬ್ಯಾಟರಿ ಸಾಧನಕ್ಕೆ ಹೊಂದುತ್ತದೆಯೇ?

ಹೊಂದುತ್ತದೆ, ಬಸ್ ಸುಮ್ಮನಿದ್ದಾಗ ಪುಲ್‌ಅಪ್‌ಗಳಲ್ಲಿ ಪ್ರವಾಹವೇ ಹರಿಯುವುದಿಲ್ಲ. ತಂತಿ ಕೆಳಗಿರುವಾಗ 3.3 ವೋಲ್ಟ್, 4.7 ಕಿಲೋಓಮ್‌ಗೆ ಸುಮಾರು 0.7 ಮಿಲಿಆಂಪಿಯರ್. ವ್ಯವಹಾರ ಬೇಗ ಮುಗಿಸಿ ಮಲಗುವ ಸಾಧನಕ್ಕೆ ಇದು ದೊಡ್ಡ ಖರ್ಚಲ್ಲ.

ಎಸ್‌ಪಿಐ, ಯುಎಆರ್‌ಟಿ ಬಿಟ್ಟು ಐ2ಸಿಯನ್ನೇ ಯಾವಾಗ ಆರಿಸಬೇಕು?

ಹಲವು ನಿಧಾನದ ಚಿಪ್‌ಗಳು, ಒಂದೇ ಬೋರ್ಡ್, ಕಡಿಮೆ ಪಿನ್: ಐ2ಸಿ. ಮೆಮೊರಿ ಕಾರ್ಡ್, ಬಣ್ಣದ ಪರದೆ, ವೇಗದ ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿಸುವ ಚಿಪ್): ಎಸ್‌ಪಿಐ. ಅದು ಎರಡೂ ದಿಕ್ಕಿಗೆ ತಳ್ಳುವುದರಿಂದ ಹತ್ತಾರು ಮೆಗಾಹರ್ಟ್ಸ್ ಓಡಬಲ್ಲದು. ಜಿಪಿಎಸ್ ಅಥವಾ ಮೋಡೆಮ್‌ನಂತೆ ತಾನಾಗಿ ಮಾತು ಶುರುಮಾಡುವ ಸಾಧನ ಎದುರಿಗಿದ್ದರೆ ಯುಎಆರ್‌ಟಿ (ಇಬ್ಬರ ನಡುವಿನ, ಕ್ಲಾಕ್ ತಂತಿ ಇಲ್ಲದ ಸಂಪರ್ಕ). ಐ2ಸಿ ಟಾರ್ಗೆಟ್ ತಾನಾಗಿ ಬಾಯಿ ತೆರೆಯುವಂತಿಲ್ಲ, ಸುದ್ದಿ ಇದೆ ಎಂದು ಹೇಳಲು ಅದಕ್ಕೆ ಪ್ರತ್ಯೇಕ ಇಂಟರಪ್ಟ್ ತಂತಿ ಬೇಕು. ಎರಡೇ ತಂತಿ ಎಂಬ ಲೆಕ್ಕ ಇಲ್ಲಿ ಸ್ವಲ್ಪ ತಪ್ಪುತ್ತದೆ, ವಿನ್ಯಾಸ ಮಾಡುವಾಗ ಆ ಪಿನ್‌ಗಳನ್ನೂ ಎಣಿಸಿ.

ಒಂದೇ ಬಸ್‌ನಲ್ಲಿ ಎರಡು ಕಂಟ್ರೋಲರ್ ಇರಬಹುದೇ?

ಇರಬಹುದು. ಇಬ್ಬರೂ ಒಟ್ಟಿಗೆ ಶುರುಮಾಡಿದರೆ, ತಾನು 1 ಕಳುಹಿಸಲು ತಂತಿಯನ್ನು ಕೈಬಿಟ್ಟಾಗಲೂ ಅಲ್ಲಿ ಸೊನ್ನೆ ಕಂಡವರು ಹಿಂದೆ ಸರಿಯುತ್ತಾರೆ, ಗೆದ್ದವರ ಸಂದೇಶ ಕೆಡುವುದಿಲ್ಲ. ವಿನ್ಯಾಸ ಸೊಗಸಾಗಿದೆ. ಆದರೂ ಎರಡು ಪಿನ್ ಹೆಚ್ಚು ಖರ್ಚುಮಾಡಿ ಎರಡು ಬೇರೆ ಬಸ್ ಮಾಡುವುದನ್ನೇ ನಾನು ಹೇಳುತ್ತೇನೆ. ಎಲ್ಲ ಲೈಬ್ರರಿಗಳೂ ಸೋಲನ್ನು ಸರಿಯಾಗಿ ನಿಭಾಯಿಸುವುದಿಲ್ಲ.

ಸ್ಕ್ಯಾನ್ ಮಾಡಿದರೆ ಯಾವ ವಿಳಾಸವೂ ಕಾಣುವುದಿಲ್ಲ. ಎಲ್ಲಿಂದ ಹುಡುಕಲಿ?

ಮಲ್ಟಿಮೀಟರ್‌ನಿಂದ. ಬಸ್ ಸುಮ್ಮನಿದ್ದಾಗ ಎಸ್‌ಡಿಎ, ಎಸ್‌ಸಿಎಲ್ ಎರಡೂ ಪೂರ್ಣ ವೋಲ್ಟೇಜ್‌ನಲ್ಲಿರಬೇಕು. ಎರಡೂ ಸೊನ್ನೆ ಎಂದರೆ ಪುಲ್‌ಅಪ್ ಇಲ್ಲ ಅಥವಾ ವಿದ್ಯುತ್ ಇಲ್ಲ. ಒಂದು ಮಾತ್ರ ಸೊನ್ನೆ ಎಂದರೆ ಯಾರೋ ಹಿಡಿದಿದ್ದಾರೆ, ಒಂದೊಂದೇ ಚಿಪ್ ಬಿಡಿಸಿ ನೋಡಿ. ಎರಡೂ ಮೇಲಿದ್ದರೆ ತಂತಿಗಳು ಅದಲುಬದಲಾಗಿವೆಯೇ, ಗ್ರೌಂಡ್ ಸೇರಿದೆಯೇ, ಚಿಪ್‌ನ ರೀಸೆಟ್ ಅಥವಾ ವಿಳಾಸದ ಪಿನ್ ಗಾಳಿಯಲ್ಲಿ ತೂಗುತ್ತಿದೆಯೇ ನೋಡಿ.

ಮುಂದಿನ ಹಂತಕ್ಕೆ ಲಾಜಿಕ್ ಅನಲೈಸರ್ ಒಳ್ಳೆಯದು, ಯಾವ ಬೈಟ್‌ಗೆ ಓಗೊಡಲಿಲ್ಲ ಎಂದು ಅದು ಬಿಡಿಸಿ ತೋರಿಸುತ್ತದೆ. ಆದರೆ ಅದಕ್ಕೆ ಕಾಣುವುದು ಸೊನ್ನೆ ಮತ್ತು ಒಂದು ಮಾತ್ರ. ಆಗೊಮ್ಮೆ ಈಗೊಮ್ಮೆ ತಪ್ಪುವ ಬಸ್‌ಗೆ ಆಸಿಲೋಸ್ಕೋಪ್ ಬೇಕು. ಏರುವ ಅಂಚು ಬಾಗಿ, ಮೇಲೆ ಮುಟ್ಟುವ ಮೊದಲೇ ಬೀಳುತ್ತಿದ್ದರೆ ಪುಲ್‌ಅಪ್‌ನ ಓಮ್ ಹೆಚ್ಚಾಗಿದೆ. ಕೆಳಗಿನ ಮಟ್ಟ 0.4 ವೋಲ್ಟ್‌ಗೆ ಇಳಿಯದೆ ನಿಂತರೆ ಪುಲ್‌ಅಪ್‌ನ ಓಮ್ ಕಡಿಮೆಯಾಗಿದೆ.

ಐ3ಸಿ ಬಂದಿದೆಯಲ್ಲ, ಇನ್ನು ಐ2ಸಿ ಕಲಿಯಬೇಕೇ?

ಮಿಪಿ ಒಕ್ಕೂಟದ ಐ3ಸಿ ಮೇಲಿನ ಹಲವು ಕೊರತೆಗಳಿಗೆ ನೇರ ಉತ್ತರ. 12.5 ಮೆಗಾಹರ್ಟ್ಸ್ ಕ್ಲಾಕ್, ಹೆಚ್ಚಿನ ಸಮಯ ತಂತಿಯನ್ನು ಮೇಲಕ್ಕೂ ತಳ್ಳುವ ವಿಧಾನ, ಬಸ್ ಶುರುವಾದಾಗ ಹಂಚುವ ವಿಳಾಸ, ಅದೇ ಎರಡು ತಂತಿಯಲ್ಲೇ ಇಂಟರಪ್ಟ್. ಡಿಡಿಆರ್5 ಮೆಮೊರಿಯ ನಿರ್ವಹಣಾ ಬಸ್ ಐ3ಸಿ ಆಧರಿಸಿದೆ. ಹಳೆಯ ಐ2ಸಿ ಚಿಪ್‌ಗಳಲ್ಲಿ ಅನೇಕವು ಅದೇ ತಂತಿಯಲ್ಲಿ ಕೂರಬಹುದು, ಆದರೆ ಕ್ಲಾಕ್ ಸ್ಟ್ರೆಚಿಂಗ್ ಮಾಡುವಂಥವಕ್ಕೆ ಅಲ್ಲಿ ಜಾಗವಿಲ್ಲ. ನೀವು ಕೈಗೆತ್ತಿಕೊಳ್ಳುವ ಸೆನ್ಸರ್ ಮತ್ತು ಮೈಕ್ರೊಕಂಟ್ರೋಲರ್ ಎರಡೂ ಐ3ಸಿ ಬೆಂಬಲಿಸುತ್ತಿದ್ದರೆ, ಹೊಸ ವಿನ್ಯಾಸಕ್ಕೆ ಖಂಡಿತ ಪ್ರಯತ್ನಿಸಿ. ಬೆಂಬಲಿಸದಿದ್ದರೆ 2.2 ಕಿಲೋಓಮ್‌ನ ಎರಡು ರೆಸಿಸ್ಟರ್ ಮತ್ತು ಒಂಬತ್ತು ಕ್ಲಾಕ್‌ಗಳ ಆ ಸಣ್ಣ ಕೋಡ್‌ನಿಂದ ಕೆಲಸ ಶುರುಮಾಡಿ.